ವಾಣಕ್ಕೆ ಕೊಟ್ಟ ಫ್ಲಾಪಿ

ಡೊಂಬಿವಲಿ ಪೂರ್ವ
೨೦ ಫೆಬ್ರವರಿ ೧೯೯೮

ಪ್ರೀತಿಯ ಅತ್ತೆಗೆ, ಸೊಸೆಯ ನಮಸ್ಕಾರಗಳು.

ಮೊಣಕಾಲು ನೋವು ಹೇಗಿದೆ? ಬಾಣಂತಿ ನಾದಿನಿ ಮಲ್ಲಿಕಾ ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ? ಮಗುವಿಗೆ ನಿಮ್ಮದೇ ಮೂಗು ಎಂದು ಬರೆಸಿದ್ದೀರಿ. ನಿಮ್ಮ ಮಗ ಅದನ್ನು ಓದಿ 'ಪಾಪ ಮಗು' ಎಂದರು. ನನ್ನನ್ನು ಬೈಯಬೇಡಿ, ಹೇಳಿದ್ದು ಅವರು. ಇಲ್ಲಿ ಎಲ್ಲರೂ ಕ್ಷೇಮ. ದೊಡ್ಡ ಸುದ್ದಿಯೆಂದರೆ, ನಿಮ್ಮ ಸಂಡಿಗೆಯ ಕಥೆ ಅಚ್ಚಾಯಿತು!

ಕನ್ನಡ ಸಂಘದ ಸ್ಮರಣ ಸಂಚಿಕೆಗೆಂದು ನೀವು ಹೇಳುತ್ತಾ ಹೋದದ್ದನ್ನು ನಾನು ಸಂಘದ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದೆನಲ್ಲ? ಟೆರೇಸಿನಲ್ಲಿ ಬಿಳಿ ಸಂಡಿಗೆ ಒಣಗಲು ಇಟ್ಟರೆ ಸಂಜೆಗೆ ಹಸಿರು ಸಂಡಿಗೆ ತೆಗೆಯಬೇಕು, ಕಾರ್ಖಾನೆಯ ಹೊಗೆ ಮಕ್ಕಳ ಎದೆಯೊಳಗೆ ಯಾವ ಬಣ್ಣ ಹಚ್ಚುತ್ತಿದೆಯೋ ಎಂದಿದ್ದಿರಿ. ಅದೇ ಕಾರ್ಖಾನೆಯವರು ಸಂಚಿಕೆಗೆ ದೊಡ್ಡ ಜಾಹೀರಾತು ಕೊಡುತ್ತಾರೆಂದು ಕೇಳಿದ ದಿನವೇ ನನಗೆ ಅನುಮಾನ ಬಂದಿತ್ತು. ಅದಕ್ಕೇ ಸಂಕ್ರಾಂತಿಯ ಹಳದಿ-ಕುಂಕುವಿಗೆ, ಅದೇ ನಮ್ಮ ಅರಿಶಿನ-ಕುಂಕುಮಕ್ಕೆ, ಬಂದ ಹೆಂಗಸರಿಗೆ ಇಲ್ಲಿಯವರು ವಾಣವೆಂದು ಉಡುಗೊರೆ ಕೊಡುವ ಸ್ಟೀಲ್ ಬಟ್ಟಲಿನ ಬದಲು ನಿಮ್ಮ ಕಥೆ ತುಂಬಿದ ಒಂದೊಂದು ಫ್ಲಾಪಿ ಕೊಟ್ಟದ್ದು. 'ಇದ್ರಲ್ಲಿ ಉಪ್ಪಿನಕಾಯಿ ಹಾಕ್ಲಿಕ್ಕೆ ಆಗ್ತದಾ?' ಎಂದು ನೀವು ಎಲ್ಲರೆದುರು ಕೇಳಿದ್ದು ನಾನು ಮರೆತಿಲ್ಲ.

ನೀವು ಊರಿಗೆ ಹೋದ ವಾರವೇ ಸಂಘದ ಅಧ್ಯಕ್ಷ ಮಧ್ವರಾಜರು ಕಂಪ್ಯೂಟರಿನಿಂದ ಅದನ್ನು ಅಳಿಸಿಹಾಕಿಸಿದರು. ನನ್ನ ಕೈಯಲ್ಲಿದ್ದ ಫ್ಲಾಪಿಯನ್ನೂ ಕಿತ್ತು ಮುರಿದರು. 'ಒಂದು ಸಂಡಿಗೆಗೋಸ್ಕರ ಜಾಹೀರಾತು ಕೊಟ್ಟವರ ಮುಖಕ್ಕೆ ಮಸಿ ಬಳಿಯುವುದಾ ಮಾರಾಯ್ತಿ?' ಎಂದರು. ಸಿಟ್ಟು ಬಂದರೂ, ವಾಣದ ಫ್ಲಾಪಿಗಳು ಮನೆಮನೆಯಲ್ಲಿವೆಯಲ್ಲ ಎಂದು ಒಳಗೊಳಗೇ ನಗು ಬಂತು.

ಆ ನಗು ಬಹಳ ಹೊತ್ತು ಉಳಿಯಲಿಲ್ಲ ಅತ್ತೆ. ವಾಣವೆಂದ ಮೇಲೆ ನಮ್ಮವರು ಬಿಡುತ್ತಾರೆಯೇ? ಮನೆಮನೆಗೆ ಹೋಗಿ ನೋಡಿದರೆ, ದೇವರ ಮುಂದಿಟ್ಟು ಫ್ಲಾಪಿಗೇ ಅರಿಶಿನ ಕುಂಕುಮ ಹಚ್ಚಿದ್ದಾರೆ! ಅನಸೂಯಕ್ಕ ಅಕ್ಷತೆಯನ್ನೂ ಹಾಕಿದ್ದರು. ಪುಡಿ ಒಳಹೊಕ್ಕು ಒಂದೂ ತೆರೆಯಲಿಲ್ಲ. ಮತ್ತೆ ನಾನೇ ಬರೆಯಬಹುದಿತ್ತು, ಆದರೆ ನಿಮ್ಮ ಬಾಯಿಯ ರುಚಿ ನನ್ನ ಕೈಗೆಲ್ಲಿಂದ ಬರಬೇಕು? ಉಳಿದವಳು ಟಿಟ್ವಾಳಾಕ್ಕೆ ಮನೆ ಬದಲಿಸಿದ ಗುಲ್ಬರ್ಗದ ಭೀಮಮ್ಮ ಒಬ್ಬಳೇ. ಲೋಕಲ್ ರೈಲು ಹಿಡಿದು ಓಡಿದೆ. ಜೋಳದ ಹಿಟ್ಟಿನ ಡಬ್ಬಿಯ ತಳದಿಂದ ಪ್ಲಾಸ್ಟಿಕ್ ಚೀಲ ತೆಗೆದಳು. ಕುಂಕುಮ ಚೀಲದ ಮೇಲಿತ್ತು, ಫ್ಲಾಪಿ ಒಳಗೆ ಭದ್ರವಾಗಿತ್ತು. 'ಒಳಗೇನೈತಿ ನಂಗೇನ್ ಗೊತ್ರೀ ಅಕ್ಕಾ, ಮುತ್ತೈದಿ ಕೊಟ್ಟಿದ್ದು ಕೆಡಬಾರ್ದಂತ ಇಟ್ಟೀನಿ' ಎಂದಳು. ಅವಳನ್ನೂ ಕರೆದುಕೊಂಡು ಅಲ್ಲೇ ಸ್ಟೇಷನ್ ಬಳಿಯ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಹಾಕಿ ನೋಡಿದೆ, ತೆರೆಯಿತು! ಒಂದಕ್ಷರವೂ ಹೋಗಿರಲಿಲ್ಲ. ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಆಮೇಲೆ ಹೆಂಗಸರೆಲ್ಲ ಒಟ್ಟಾಗಿ ಸಂಘಕ್ಕೆ ಹೋದೆವು. ಅತ್ತೆಯ ಕಥೆ ಇಲ್ಲದಿದ್ದರೆ ವಾರ್ಷಿಕೋತ್ಸವಕ್ಕೆ ನಮ್ಮ ಅಡುಗೆಯೂ ಇಲ್ಲ ಎಂದೆವು. ಮಧ್ವರಾಜರು ಹೊಟ್ಟೆಯ ಮಾತು ಕೇಳಿದರು, ಕಥೆ ಅಚ್ಚಿಗೆ ಹೋಯಿತು. ಮೊನ್ನೆ ವೇದಿಕೆಯಲ್ಲಿ ನಾನೇ ಅದನ್ನು ಓದಿದೆ. ಹಸಿರು ಸಂಡಿಗೆಗೆ ಎಲ್ಲರೂ ನಕ್ಕರು, ಮಕ್ಕಳ ಎದೆಯ ಮಾತಿಗೆ ತಾಯಂದಿರು ತಮ್ಮ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು, ಮತ್ತೆ ಚಪ್ಪಾಳೆ ನಿಲ್ಲಲೇ ಇಲ್ಲ. ನೀವಿರಬೇಕಿತ್ತು.

ಮಗುವಿನ ಮೂಗಿಗೊಂದು ಮುತ್ತು. ನಮ್ಮಿಬ್ಬರನ್ನು ಅಲ್ಲಿಂದಲೇ ಹರಸಿ.

ನಿಮ್ಮ ಸೊಸೆ,
ಪ್ರಣೀತಾ

ತಾ.ಕ.: ಲಕೋಟೆ ಅಂಟಿಸುವಾಗ ತಿಳಿಯಿತು, ಇನ್ನು ಯಾರ ಕೈಗೂ ಸಿಗಬಾರದೆಂದು ಉಳಿದ ಸಂಚಿಕೆಗಳನ್ನೆಲ್ಲ ಕಾರ್ಖಾನೆಯ ಟೆಂಪೊ ತುಂಬಿಕೊಂಡು ಹೋಯಿತಂತೆ. ಹೋಗಲಿ. ಈ ಲಕೋಟೆಯೊಳಗೆ ಕಥೆಯ ಹೊಸ ಫ್ಲಾಪಿ ಇಟ್ಟಿದ್ದೇನೆ. ನಿಮ್ಮ ಅಳಿಯಂದಿರ ಕಂಪ್ಯೂಟರ್ ಕ್ಲಾಸಿನಲ್ಲಿ ಪ್ರತಿ ಮಾಡಿಸಿ, ತೊಟ್ಟಿಲು ಹಾಕುವ ದಿನ ಬಂದವರಿಗೆಲ್ಲ ತಾಂಬೂಲದ ಜೊತೆ ಒಂದೊಂದು ಕೊಡಿ. ಕುಂಕುಮ ಮಾತ್ರ ಅವರ ಹಣೆಗೇ ಹಚ್ಚಿ!