ಮ್ಯಾಚ್ ಆಗದ ರಕ್ತ

ಹರಿಣಾಕ್ಷಿ,

ಇವತ್ತು ಸಂಕಷ್ಟಿ. ಉಪವಾಸದಲ್ಲೇ ಅಂಗಳ ಗುಡಿಸಿ, ಹಾಲು ಕರೆದು, ಪೂಜೆಗೆ ಗರಿಕೆ ಕೊಯ್ಯುತ್ತಿದ್ದಾಗ ಮಣಿಪಾಲದಿಂದ ನಿನ್ನ ಮಗಳು ಬಂದಳು. ಅಲ್ಲಿ ಲ್ಯಾಬಿನಲ್ಲಿ ರಕ್ತಕಣಗಳ ಬಗ್ಗೆ ಓದುತ್ತಿದ್ದಾಳೆ.

"ದೊಡ್ಡಮ್ಮ, ಕೆಲವು ಕಣಗಳಿಗೆ ಹುಟ್ಟುವಾಗಲೇ ರೋಗವನ್ನು ಹೊಡೆಯಲು ಗೊತ್ತುಂಟು. ಕೆಲವು ಪೆಟ್ಟು ತಿಂದ ಮೇಲೆ ಕಲಿತು ನೆನಪಿಡ್ತವೆ. ನಾನು ಓದುವುದು ಎರಡೂ ಗುಣ ಇರುವವನ್ನು. ನಿಮ್ಮ ರಕ್ತ ಸ್ವಲ್ಪ ಕೊಡಿ. ಅಮ್ಮನಿಗೆ ಮ್ಯಾಚ್ ಆಗದಿದ್ದರೆ ಎಂತ, ನಮ್ಮ ಲ್ಯಾಬಿಗೆ ಆಗ್ತದೆ!" ಎಂದು ನಕ್ಕಳು.

ನಾನೂ ನಕ್ಕು, ಗುರುವಾರ ಬರುತ್ತೇನೆ ಎಂದೆ.

ನಿನ್ನ ರಕ್ತದ ಕ್ಯಾನ್ಸರಿಗೆ ನನ್ನ ಮೂಳೆಮಜ್ಜೆ ಪೂರ್ತಿ ಮ್ಯಾಚ್ ಆಗಿತ್ತು. ಡಾಕ್ಟರು ನನ್ನೊಬ್ಬಳಿಗೇ ಹೇಳಿದ್ದರು. ಕೊಡುವುದಿಲ್ಲ ಎಂದು ಅವರಿಗೆ ಹೇಳಿದೆ, ಮ್ಯಾಚ್ ಆಗಲಿಲ್ಲ ಎಂದು ಮನೆಯಲ್ಲಿ ಹೇಳಿದೆ. ಆಗ ನನ್ನನ್ನು ಹೆಣ್ಣು ನೋಡಲು ಬಂದಿದ್ದ ಯಶ್ವಂತನಿಗೆ "ಅಕ್ಕ ಓದಿದ್ದು ಎಂಟನೇ ಕ್ಲಾಸು, ನಿಮಗೆ ಮ್ಯಾಚ್ ಆಗುದಿಲ್ಲ" ಎಂದು ಹೇಳಿ ನೀನೇ ಅವನನ್ನು ಕಟ್ಟಿಕೊಂಡೆಯಲ್ಲ, ಆ ಮಾತನ್ನೇ ನಿನಗೆ ವಾಪಸು ಕೊಟ್ಟೆ. ಹೊಡೆಯುವ ಬುದ್ಧಿ ನನಗೆ ಹುಟ್ಟಿನಿಂದಲೇ ಇತ್ತು. ಯಾರನ್ನು ಎಂದು ನೀನು ಕಲಿಸಿದೆ.

ಹೊರಡುವಾಗ ನಿನ್ನ ಮಗಳು ನನ್ನ ಕಾಲು ಮುಟ್ಟಿ, "ಇನ್ನು ನನಗೆ ನೀವೇ ಅಮ್ಮ" ಎಂದಳು.

ಸಾಯುವ ಮೊದಲು ನನ್ನ ಸುಳ್ಳು ನಿನಗೆ ಗೊತ್ತಾಗಿತ್ತಾ? ಕಾಪುವಿನ ಅಮ್ಮಾ, ದೇವೀ, ನನ್ನ ತಂಗಿಯ ಉತ್ತರವನ್ನು ನೀನೇ ತಂದುಕೊಡು.