ನಿನ್ನ ಟಿಕೆಟ್ ತಡವಾದ ನಿಜವಾದ ಕಾರಣ

ನನ್ನ ಹಿಂದೆ ಹುಟ್ಟಿ ನನಗಿಂತ ಮೊದಲು ಹಲ್ಲು ಉದುರಿಸಿಕೊಂಡ ತಂಗಿ ನಂದಾಗೆ,

ಅಮೆರಿಕದ ಮನ್ರೋದಿಂದ ನಿನ್ನ ಅಕ್ಕ ಬಸಲಿಂಗಮ್ಮ ಬರೆಯುವುದು. ಮೊಮ್ಮಗಳು ತನುಶ್ರೀ ಇದರ ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸುತ್ತಾಳೆ. ಯಾರ ಕೈಲೂ ಓದಿಸಬೇಡ, ನೀನೇ ಓದು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು, ನೀನು ಐದು ಕಲಿತವಳು. ಆ ಒಂದು ವರ್ಷದ ಜಂಬ ಈಗಲಾದರೂ ಉಪಯೋಗಕ್ಕೆ ಬರಲಿ.

ಮೊದಲು ಸಂತೋಷದ ಸುದ್ದಿ. ನಿನ್ನ ಟಿಕೆಟ್ ಆಗಿದೆ. ಜೂನ್ ಹನ್ನೆರಡಕ್ಕೆ ಬೆಂಗಳೂರು ಬಿಡುತ್ತೀ. ಹದಿಮೂರಕ್ಕೆ ನನ್ನ ಅಡುಗೆಮನೆಯಲ್ಲಿ ಕೂತು ನನ್ನ ಸಾರಿಗೆ ಹೆಸರಿಡುತ್ತಿರುತ್ತೀ. ಇನ್ನು ಎರಡನೆಯದು. ಸೀಟು ಖಾಲಿ ಇಲ್ಲ ಎಂದು ಮೂರು ತಿಂಗಳು ಹೇಳಿದೆನಲ್ಲ, ಅದು ಸುಳ್ಳು. ವಿಮಾನದಲ್ಲಿ ಬೇಕಾದಷ್ಟು ಸೀಟಿದ್ದವು. ತುಂಬದೇ ಇದ್ದದ್ದು ನನ್ನ ಆಸೆ.

ಇಲ್ಲಿಯ ಕನ್ನಡದ ಮನೆಗಳಿಗೆ ರೊಟ್ಟಿ ಬಡಿದುಕೊಟ್ಟ ದುಡ್ಡು ನನ್ನ ಹತ್ತಿರ ಇತ್ತು. ಎರಡು ವರ್ಷದ ಹಿಂದೆ ಸಂಜೆ ವಾಕಿಂಗ್ ಹೋದಾಗ ನೋಡಿದೆ, ಹೊಸದಾಗಿ ಕಟ್ಟಿದ ಪ್ರತಿ ಮನೆಯ ಹಿಂದೆಯೂ ಒಂದೇ ಕಂಪನಿಯ ಎಸಿ ಮಷೀನು. ಆ ಕಂಪನಿಯ ಶೇರು ಕೊಡಿಸು ಎಂದು ತನುಶ್ರೀಗೆ ಗಂಟುಬಿದ್ದೆ. ಮಗ ಶಿವಕಿರಣ್ ನಕ್ಕ. "ಅವ್ವಾ, ಇದು ಎಮ್ಮಿ ಕೊಂಡಂಗಲ್ಲ." "ಹೌದಪ್ಪಾ, ಎಮ್ಮಿಗೆ ಹುಲ್ಲರ ಹಾಕಬೇಕು. ಇದಕ್ಕ ಅದೂ ಬ್ಯಾಡ" ಅಂದೆ. ನಿನ್ನ ಟಿಕೆಟ್ಟಿಗಾಗುವಷ್ಟು ಬಂದ ದಿನ ಮಾರುವುದು ಎಂದು ಅವತ್ತೇ ಮಾತಾಯಿತು.

ಆ ದಿನ ಫೆಬ್ರವರಿಯಲ್ಲಿ ಬಂತು, ನಿನ್ನ ವೀಸಾ ಬಂದ ವಾರವೇ. "ಅಜ್ಜಿ, ಟಿಕೆಟ್ ಮನಿ ಬಂತು. ಸೆಲ್ ಮಾಡ್ಲಾ?" ಅಂದಳು ತನುಶ್ರೀ. "ತಡಿ, ಇನ್ನೂ ಏರಾಕತ್ತೈತಿ" ಅಂದೆ. ಏರಿತು. ನನ್ನ ತಂಗಿ ಮೊಣಕಾಲು ಮಡಚಿಕೊಂಡು ಯಾಕೆ ಬರಬೇಕು, ಕಾಲು ಚಾಚಿ ಮಲಗುವ ಸೀಟಿನಲ್ಲಿ ಬರಲಿ ಅಂದುಕೊಂಡೆ. ನನ್ನ ದುರಾಸೆಗೆ ನಿನ್ನ ಹೆಸರಿನ ಸೀರೆ ಉಡಿಸಿದ್ದೆ ನೋಡು! ಬೆಳಿಗ್ಗೆ ಎದ್ದರೆ ಪೂಜೆಗಿಂತ ಮೊದಲು ತನುಶ್ರೀಯ ಫೋನು. ಬೆಲೆ ಏರಿ ಹಸಿರು ಕಂಡರೆ ಎರಡು ಕಪ್ ಚಹಾ, ಇಳಿದು ಕೆಂಪು ಕಂಡರೆ ಸೊಸೆ ರೇಣುವಿನ ಮೇಲೆ ಸಿಟ್ಟು. ಪಾಪ, ಅವಳು ಒಂದು ದಿನ ಬಾಗಿಲ ಹತ್ತಿರವೇ ನಿಂತು, "ಅತ್ತೆ, ಇವತ್ತು ಮಾರ್ಕೆಟ್ ಡೌನಾ? ಹಾಗಿದ್ರೆ ಈಗ್ಲೇ ಆಫೀಸಿಗೆ ಹೊರಡ್ತೀನಿ" ಅಂದಳು.

ಹೋದ ವಾರ ನೀನು ಫೋನಿನಲ್ಲಿ ಹೇಳಿದೆ: "ಅಕ್ಕಾ, ನಿನಗಂತ ಮಾಡಿದ ಶೇಂಗಾ ಚಟ್ನಿಪುಡಿ ಎರಡು ಸಲ ಕಮಟು ಹಿಡೀತು. ಈಗ ಮೂರನೇ ಸಲ ಕುಟ್ಟೇನಿ. ನನ್ನ ರಟ್ಟಿ ಬಿದ್ದಾವು." ನೀನು ನಗುತ್ತಲೇ ಹೇಳಿದೆ. ನನಗೆ ನಗಲಿಕ್ಕಾಗಲಿಲ್ಲ.

ಅಪ್ಪನ ಹತ್ತಿ ಕಣ್ಮುಂದೆ ಬಂತು. ಆ ವರ್ಷ ಬೆಳೆಯೂ ಭರ್ತಿ, ದರವೂ ಭರ್ತಿ. ಅಪ್ಪ "ಇನ್ನೊಂದು ವಾರ ತಡೀರಿ" ಅನ್ನುತ್ತ ಪಡಸಾಲೆಯ ತುಂಬ ಹತ್ತಿ ಒಟ್ಟಿದ. ನಾವಿಬ್ಬರೂ ಅದರ ಮೇಲೆ ಹಾರಿ ಹಾರಿ, ಮೈಯೆಲ್ಲ ಕೆರೆದುಕೊಂಡು, ಅದರಲ್ಲೇ ಹೂತು ಮಲಗುತ್ತಿದ್ದೆವು. ದರ ಇಳಿದಾಗ, ಮೊದಲಿನ ದರ ಬರಲಿ ಅಂದ. ಬರಲಿಲ್ಲ. ಅವ್ವ ಮಾತ್ರ ಮಂದಿಯ ಹೊಲದಲ್ಲಿ ಬಿಡಿಸಿ ಕೂಲಿಯಾಗಿ ತಂದ ಹತ್ತಿಯನ್ನು ಮೊದಲ ವಾರವೇ ಮಾರಿ ನಿನಗೆ ಕಾಲ್ಗೆಜ್ಜೆ ತಂದಳು. "ಬೇಕಾದ್ದು ಬಂತಿಲ್ಲೋ? ತಕ್ಕಡಿಗೆ ಹಾಕ್ರಿ. ತುದಿ ದರಾ ಕಂಡಾವ್ರು ಯಾರದಾರ?" ಎಂದು ಅಪ್ಪನಿಗೆ ಹೇಳಿ ಹೇಳಿ ಸೋತಳು.

ಫೋನು ಇಟ್ಟವಳೇ ತನುಶ್ರೀಯನ್ನು ಕರೆದು "ಹಾಕು ತಕ್ಕಡಿಗೆ" ಅಂದೆ. "ಎಲ್ಲಾನಾ ಅಜ್ಜಿ?" ಎಲ್ಲ ಅಲ್ಲ. ಅರಳಿದ ಕಾಯಿ ಬಿಡಿಸಿ ಹಸಿಗಾಯಿ ಗಿಡದಲ್ಲೇ ಬಿಡುತ್ತಿದ್ದೆವಲ್ಲ, ಹಾಗೆ. ನಿನ್ನ ಟಿಕೆಟ್ಟು, ವಿಮೆ, ಇಲ್ಲಿ ಅಡ್ಡಾಡಲು ಒಂದು ಜೊತೆ ಬೂಟು, ಅಷ್ಟಕ್ಕೆ ಬೇಕಾದ್ದನ್ನು ಆಗಲೇ ಮಾರಿಸಿದೆ. ಉಳಿದ ಸ್ವಲ್ಪಕ್ಕೆ ಒಂದು ಗೆರೆ ಹಾಕಿಸಿದ್ದೇನೆ. ಬೆಲೆ ಅದಕ್ಕಿಂತ ಕೆಳಗೆ ಬಂದರೆ ತಾನಾಗಿಯೇ ಮಾರಿಹೋಗುತ್ತದೆ, ನನ್ನನ್ನು ಕೇಳುವುದಿಲ್ಲ. ಕೇಳಿದರೆ ನಾನು ಮತ್ತೆ "ತಡಿ" ಅನ್ನುತ್ತೇನಲ್ಲ!

ಮರುದಿನ ಬೆಲೆ ಇನ್ನೂ ಏರಿತು. ತನುಶ್ರೀ ಫೋನನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. "ತೋರಸ, ನಾ ಏನ್ ಸಾಯೂದಿಲ್ಲ. ಕೊಂಡಾವ ಎರಡು ಕಾಸು ಗಳಸಬಾರದೇನು?" ಅಂದೆ. ನಿಜ ಹೇಳಬೇಕೆಂದರೆ ಹೊಟ್ಟೆಯಲ್ಲಿ ಒಂದು ಚೂರು ಉರಿಯಿತು. ಆಮೇಲೆ ನಿನ್ನ ಟಿಕೆಟ್ ತೆರೆಸಿ, ಇಂಗ್ಲಿಷಿನಲ್ಲಿ ಬರೆದ ನಿನ್ನ ಹೆಸರನ್ನು ಅವಳ ಕೈಲಿ ಗಟ್ಟಿಯಾಗಿ ಓದಿಸಿದೆ. ಎರಡು ಸಲ. ಉರಿ ಆರಿತು.

ನಿನ್ನ ಮುಖ ಮುಟ್ಟಿ ಹನ್ನೊಂದು ವರ್ಷವಾಯಿತು ನಂದಾ. ವಿಮಾನ ನಿಲ್ದಾಣದಲ್ಲಿ ವ್ಹೀಲ್‌ಚೇರ್ ಕೊಟ್ಟರೆ ಸುಮ್ಮನೆ ಕೂತುಕೋ, ನನಗೇನು ಧಾಡಿ ಎಂದು ಜಂಬ ಮಾಡಬೇಡ. ನನ್ನ ಸುಳ್ಳಿಗೆ ಬೈಯುವುದನ್ನೆಲ್ಲ ಫೋನಿನಲ್ಲೇ ಬೈದು ಮುಗಿಸಲೂಬೇಡ. ಎದುರು ಕೂತು ಬೈ. ಕಿವಿಗೆ ಮಷೀನು ಹಾಕಿಕೊಂಡು ಪೂರ್ತಿ ಕೇಳುತ್ತೇನೆ, ನಡುವೆ ಬಾಯಿ ಹಾಕುವುದಿಲ್ಲ. ಹಾಕಿದರೂ ಸ್ವಲ್ಪ.

ಬಸವಣ್ಣ ನಿನ್ನ ಮೊಣಕಾಲಿಗೆ ಬಲ ಕೊಡಲಿ. ನಾಲಿಗೆಗೆ ಕೊಡುವುದು ಬೇಡ, ಅಲ್ಲಿ ಸಾಕಷ್ಟಿದೆ.

ದಿನಕ್ಕೆರಡು ಸಲ ನಿನ್ನ ಹಾಸಿಗೆ ಝಾಡಿಸುತ್ತಿರುವ ಅಕ್ಕ,
ಬಸಲಿಂಗಮ್ಮ