ಕೆಳಮಹಡಿಯ ನಿಧಿ

ಫೆಬ್ರವರಿ 3, ಬೆಳಿಗ್ಗೆ

ಎಂದಿನಂತೆ ಮೆಟ್ಟಿಲಿಳಿದು ದರ್ಶನಕ್ಕೆ ಹೋದೆ. ಎಂದಿನಂತೆ ಬಾಗಿಲು ಮುಚ್ಚಿತ್ತು. ಒಳಗೆ ಕೆಮ್ಮು... ಅಂದರೆ ಇದ್ದಾರೆ. ಕೆಳಮಹಡಿಯ ಪ್ರೊಫೆಸರಿಗೆ ನಮ್ಮ ಲ್ಯಾಬಿನವರು ಇಟ್ಟ ಹೆಸರು ಸರ್ಪರಾಯರು. ನಿಧಿ ಕಾಯುತ್ತಾರೆ. ನಿಧಿ ಎಂದರೆ, ಮಂಡಿನೋವಿನ ಹೊಸ ಮಾತ್ರೆ ನುಂಗುವ ಸಾವಿರಾರು ಜನರ ರಕ್ತಪರೀಕ್ಷೆಯ ಡೇಟಾ. ನಮ್ಮಲ್ಲಿರುವುದು ಬೆರಳೆಣಿಕೆಯ ರೋಗಿಗಳು. ಕೆಲವರ ಲಿವರ್ ಕೆಟ್ಟಿದೆ. ಮಾತ್ರೆಯಿಂದಲೋ, ವಯಸ್ಸಿನಿಂದಲೋ? ಎರಡೂ ಡೇಟಾ ಸೇರಿಸಿದರೆ ಒಂದು ಮಧ್ಯಾಹ್ನದ ಕೆಲಸ.

ಅಕ್ಕನೂ ಅದೇ ಮಾತ್ರೆ ತೆಗೆದುಕೊಳ್ಳುತ್ತಾಳೆ.

ಫೆಬ್ರವರಿ 6

ಕಾರಿಡಾರಿನಲ್ಲಿ ಸರ್ಪರಾಯರನ್ನು ಅಡ್ಡಹಾಕಿದೆ.

"ಡೇಟಾ ಅಂದ್ರೆ ಹೆತ್ತ ಮಗು ಕಣ್ರೀ. ಕೇಳಿದವರ ಕೈಗೆಲ್ಲ ಕೊಡೋಕಾಗುತ್ತಾ?"

"ಒಂದ್ಸಲ ಎತ್ತಿ ಆಡಿಸಿ ವಾಪಸ್ ಕೊಡ್ತೀನಿ, ಸಾರ್."

"ದೃಷ್ಟಿಯಾಗುತ್ತೆ! ಎಥಿಕ್ಸ್ ಕಮಿಟಿ ಒಪ್ಪಲಿ, ನೋಡೋಣ."

ನಕ್ಕರು. ನಾನೂ ನಕ್ಕೆ. ನನ್ನ ಬಡ್ತಿಯ ಸಮಿತಿಯಲ್ಲಿ ಇವರೇ ಇರುವುದು. ಥೂ.

ಮಾರ್ಚ್ 19

ಎಥಿಕ್ಸ್ ಕಮಿಟಿ: ಕಾನೂನು ವಿಭಾಗವನ್ನು ಕೇಳಿ. ಕಾನೂನು ವಿಭಾಗ: ಕಂಪ್ಯೂಟರ್ ವಿಭಾಗವನ್ನು ಕೇಳಿ. ಕಂಪ್ಯೂಟರ್ ವಿಭಾಗ: ಪ್ರೊಫೆಸರನ್ನೇ ಕೇಳಿ. ಗಾಣದೆತ್ತು ಸುತ್ತಿದರೆ ಎಣ್ಣೆಯಾದರೂ ಬರುತ್ತದೆ.

ಏಪ್ರಿಲ್ 22

ಬಂತು! ಡೇಟಾ ಬಂತು!

...ತೆರೆದೆ. ಕಾಗದದ ಮೇಲೆ ಪ್ರಿಂಟ್ ಹಾಕಿ, ಅದರ ಫೋಟೋ ತೆಗೆದು ಕಳಿಸಿದ್ದಾರೆ. ಕಾಲಮ್ಮುಗಳ ತಲೆಬರಹ ಕತ್ತರಿಸಿದ್ದಾರೆ. ಯಾವುದು ವಯಸ್ಸು, ಯಾವುದು ತೂಕ, ಯಾವುದು ಲಿವರಿನ ಅಂಕಿ — ಬ್ರಹ್ಮನೇ ಹೇಳಬೇಕು. ಕಾರಣ: ರೋಗಿಗಳ ಗೋಪ್ಯತೆ. ಮೂಗಿಗೆ ತುಪ್ಪ ಸವರುವುದನ್ನು ಕಂಡಿದ್ದೇನೆ. ಇವರು ತುಪ್ಪದ ಫೋಟೋ ಸವರಿದರು.

ಜೂನ್ 11, ಮಧ್ಯಾಹ್ನ

ಯೂನಿವರ್ಸಿಟಿಯ 'ಮುಕ್ತ ವಿಜ್ಞಾನ' ಪ್ರಶಸ್ತಿ — ಬೇರೆ ಯಾರಿಗೆ, ಸರ್ಪರಾಯರಿಗೇ. "ಜ್ಞಾನ ಹಂಚಿದಷ್ಟೂ ಹೆಚ್ಚುತ್ತದೆ" ಎಂದು ಭಾಷಣ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಂಗೈ ಸೋಪು ಹಾಕಿ ತೊಳೆದೆ.

ಊಟಕ್ಕೆ ಪಕ್ಕದಲ್ಲಿ ಅವರ ಹೆಂಡತಿ. ಮಂಡಿ ಹಿಡಿದುಕೊಂಡೇ ಕೂತರು. ಸುಮ್ಮನೆ ಕೇಳಿದೆ, ಆ ಹೊಸ ಮಾತ್ರೆ ತೆಗೆದುಕೊಳ್ಳುವುದಿಲ್ಲವೇ ಎಂದು.

"ತಗೊಳ್ತಿದ್ದೆನಪ್ಪಾ. ಚಳಿಗಾಲದಲ್ಲೇ ನಮ್ಮ ಯಜಮಾನ್ರು ಡಬ್ಬಿ ಕಸಕ್ಕೆ ಎಸೆದ್ರು. ಲಿವರ್ ಹಾಳಾಗುತ್ತಂತೆ. ಅವರ ರಿಸರ್ಚ್ ಪೇಪರ್ ಅಚ್ಚಾಗೋ ತನಕ ಬಾಯಿಬಿಡ್ಬೇಡ ಅಂದಿದಾರೆ... ನೀವೂ ಅದೇ ಆಫೀಸಿನವರು, ನಿಮಗೆ ಗೊತ್ತಿರುತ್ತಲ್ಲ?"

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದೆ. ಗೊತ್ತಿದೆ. ಸರ್ಪರಾಯರಿಗೆ ಚಳಿಗಾಲದಿಂದ ಗೊತ್ತಿದೆ! ನಾನು ಬಾಗಿಲ ಮುಂದೆ ನಿಂತಿದ್ದಾಗಲೂ ಗೊತ್ತಿತ್ತು. ಹೆಂಡತಿಯ ಲಿವರ್ ಲಿವರು, ಊರವರದು ಬದನೆಕಾಯಿ.

ಅದೇ ದಿನ, ಸಂಜೆ

ನಮ್ಮ ಲ್ಯಾಬ್ ನಡೆಸುವ ಮೇಡಂಗೆ ಹೇಳಿದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಕಣ್ಣು ಮಿಂಚಿತು.

"ಹಾಗಾದ್ರೆ ನಮ್ಮ ಅನುಮಾನ ನಿಜ! ಅವರಿಗಿಂತ ಮುಂಚೆ ನಮ್ಮ ಪೇಪರ್ ಹೋಗ್ಬೇಕು. ಅಲ್ಲಿವರೆಗೆ ಯಾರ ಹತ್ರನೂ ಉಸಿರೆತ್ಬೇಡ. ಪೇಪರಿನ ಮೇಲೆ ಮೊದಲ ಹೆಸರು ನಿಂದೇ."

ಹೇಸಿಗೆಯಾಯಿತು. ಮೊದಲ ಹೆಸರು... ಹೇಸಿಗೆ ಕೊಂಚ ಕಡಿಮೆಯಾಯಿತು.

ಜೂನ್ 12

ಎದ್ದ ಕೂಡಲೇ ಅಕ್ಕನಿಗೆ ಫೋನ್. ಆ ಮಾತ್ರೆ ಮುಟ್ಟಬೇಡ, ಇವತ್ತೇ ಡಾಕ್ಟರನ್ನು ಕಂಡು ಬೇರೆ ಬರೆಸಿಕೋ ಎಂದೆ.

"ಏನೋ ಇದು, ಬೆಳಿಗ್ಗೆ ಬೆಳಿಗ್ಗೆ ಹೆದರಿಸ್ತೀಯ! ಲೋ, ನಮ್ಮ ವಾಕಿಂಗ್ ಗುಂಪಿನವರೆಲ್ಲ ಅದನ್ನೇ ನುಂಗೋದು ಕಣೋ. ಎದುರುಮನೆ ಅಜ್ಜಿಗೂ ನಾನೇ ಹೇಳಿ ಶುರುಮಾಡ್ಸಿದ್ದು. ಈಗ್ಲೇ ಹೋಗಿ ಎಲ್ರಿಗೂ ಹೇಳ್ಬಿಡ್ಲಾ?"

ಹೇಳು ಎನ್ನಬೇಕು. ಎರಡೇ ಅಕ್ಷರ. ಬಾಯಿ ತೆರೆದೆ. ಬಂದದ್ದು: "ಸ್ವಲ್ಪ ತಡಿ ಅಕ್ಕಾ, ನಮ್ಮ ಪೇಪರ್ ಇನ್ನೂ—"